ಹಿಂದಿನವರು ಊಹಿಸಿದ ಭವಿಷ್ಯ ಎಲ್ಲಿ ತಪ್ಪಿತು?

ಹಿಂದಿನವರು ಕಂಡ ಭವಿಷ್ಯವೆಲ್ಲ ಸುಳ್ಳಾಗಿರುವಾಗ ಈಗಿನವರ ಊಹೆಗಳನ್ನು ಏಕೆ ನಂಬಬೇಕು ಎಂದು ಕೇಳಿದ್ದೀರಿ. ಎಲ್ಲವೂ ಸುಳ್ಳಾಗಿಲ್ಲ. ಯಂತ್ರಗಳ ಬಗ್ಗೆ ಹೇಳಿದ್ದು ಎಷ್ಟೋ ಸಲ ಹೆಚ್ಚುಕಡಿಮೆ ನಿಜವಾಗಿದೆ. ಅವರು ಎಡವಿದ್ದು ಮನುಷ್ಯರ ವಿಷಯದಲ್ಲಿ ಎಂದು ನನಗೆ ಅನಿಸುತ್ತದೆ.

1900ರ ಆಸುಪಾಸಿನಲ್ಲಿ ಫ್ರಾನ್ಸಿನ ಚಿತ್ರಕಾರರು 2000ನೇ ಇಸವಿಯ ಬದುಕನ್ನು ಕಲ್ಪಿಸಿ ಒಂದು ಚಿತ್ರಮಾಲೆ ರಚಿಸಿದರು. ಅದರಲ್ಲಿರುವ ಶಾಲೆಯ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೇಷ್ಟ್ರು ಒಂದು ಯಂತ್ರದ ಬಾಯಿಗೆ ಪುಸ್ತಕಗಳನ್ನು ಹಾಕುತ್ತಿದ್ದಾರೆ. ಅಲ್ಲಿಂದ ಹೊರಟ ತಂತಿಗಳು ಸಾಲಾಗಿ ಕುಳಿತ ಹುಡುಗರ ತಲೆಯ ಮೇಲೆ ಇಳಿದು ಕಿವಿ ಸೇರಿವೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠ ಕೇಳುವವರನ್ನು ಕಂಡಾಗಲೆಲ್ಲ ಆ ಚಿತ್ರಕಾರನಿಗೆ ಕೈಮುಗಿಯಬೇಕೆನಿಸುತ್ತದೆ. ಆದರೆ ಯಂತ್ರದ ಪಕ್ಕದಲ್ಲಿ ಒಬ್ಬ ಹುಡುಗ ನಿಂತು ಅದರ ಹಿಡಿ ತಿರುಗಿಸುತ್ತಿದ್ದಾನೆ. ಗೆಳೆಯರೆಲ್ಲ ಪಾಠ ಕೇಳುವಾಗ ಅವನ ಪಾಲಿಗೆ ಬಂದದ್ದು ದುಡಿಮೆ. ಆ ತರಗತಿಯಲ್ಲಿ ಹುಡುಗಿಯರು ಕಾಣುವುದಿಲ್ಲ. ಅದೇ ಮಾಲೆಯ ಇನ್ನೊಂದು ಚಿತ್ರದಲ್ಲಿ ವಿದ್ಯುತ್ ಯಂತ್ರ ನೆಲ ಉಜ್ಜುತ್ತಿದೆ, ಅದನ್ನು ನಡೆಸುತ್ತಿರುವವಳು ಮನೆಗೆಲಸದ ಹೆಂಗಸು. ನೂರು ವರ್ಷದಲ್ಲಿ ಪೊರಕೆ ಬದಲಾಗುತ್ತದೆ ಎಂದು ಹೊಳೆದವರಿಗೆ ಅದನ್ನು ಹಿಡಿದ ಕೈ ಬದಲಾಗಬಹುದು ಎಂದು ಹೊಳೆಯಲಿಲ್ಲ.

ಅರ್ಥಶಾಸ್ತ್ರಜ್ಞ ಕೇನ್ಸ್ ಕೂಡ ಇಲ್ಲೇ ಎಡವಿದರು. ನೂರು ವರ್ಷಗಳಲ್ಲಿ ಮುಂದುವರಿದ ದೇಶಗಳ ಸಂಪತ್ತು ಹಲವು ಪಟ್ಟು ಹೆಚ್ಚುತ್ತದೆ, ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂದು 1930ರಲ್ಲಿ ಬರೆದರು. ಸಂಪತ್ತಿನ ಮಾತು ನಿಜವಾಯಿತು. ಬಿಡುವು ಮಾತ್ರ ಬರಲಿಲ್ಲ, ಏಕೆಂದರೆ ‘ಇಷ್ಟು ಸಾಕು’ ಎನ್ನುವ ಗೆರೆಯನ್ನು ನಾವು ಮುಂದಕ್ಕೆ ತಳ್ಳುತ್ತಲೇ ಹೋದೆವು.

ಇನ್ನೊಂದು ಕಾರಣವೂ ಇದೆ. ಆಯಾ ಕಾಲದಲ್ಲಿ ಯಾವುದು ಭರದಿಂದ ಏರುತ್ತಿದೆಯೋ ಅದು ಹಾಗೆಯೇ ಏರುತ್ತಾ ಹೋಗುತ್ತದೆ ಎಂದು ಮನಸ್ಸು ನಂಬಿಬಿಡುತ್ತದೆ. ಅಮೆರಿಕ ಮನುಷ್ಯರನ್ನು ಚಂದ್ರನಿಗೆ ಕಳಿಸಿದ ಅಪೋಲೊ ಯಾನಗಳ ದಿನಗಳಲ್ಲಿ ಅಲ್ಲಿನ ಪ್ಯಾನ್ ಆಮ್ ವಿಮಾನ ಕಂಪನಿ ಚಂದ್ರನಿಗೆ ಹೋಗಬಯಸುವ ಪ್ರಯಾಣಿಕರ ಹೆಸರು ಬರೆಸಿಕೊಳ್ಳುತ್ತಿತ್ತು. ಸುಮಾರು 93,000 ಜನ ಬರೆಸಿದರು. ಅವರ ಆಸೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. 1972ರ ಡಿಸೆಂಬರ್ ನಂತರ ಚಂದ್ರನ ನೆಲದ ಮೇಲೆ ಯಾರೂ ಕಾಲಿಟ್ಟಿಲ್ಲ. 1991ರಲ್ಲಿ ಆ ಕಂಪನಿಯೇ ಮುಚ್ಚಿಹೋಯಿತು. ರಾಕೆಟ್ ಹಾರುತ್ತಿತ್ತು, ಅದಕ್ಕೆ ಹಣ ಸುರಿಯುವ ಮನಸ್ಸು ಆರಿಹೋಯಿತು.

ಹಾಗಾದರೆ ಯಾರನ್ನು ನಂಬುವುದು? ಹೇಳಿದ ಮಾತನ್ನು ಮತ್ತೆ ಲೆಕ್ಕ ಹಾಕಿ ತಿದ್ದಿಕೊಳ್ಳುವವರನ್ನು ನಾನು ನಂಬುತ್ತೇನೆ. ಕಂಪ್ಯೂಟರಿನ ಒಂದು ಚಿಪ್‌ನಲ್ಲಿ ಹಿಡಿಸುವ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಎಂದು, ಮುಂದೆ ಇಂಟೆಲ್ ಚಿಪ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಗಾರ್ಡನ್ ಮೂರ್ 1965ರಲ್ಲಿ ಹೇಳಿದ್ದರು. ಹತ್ತು ವರ್ಷದ ನಂತರ ಅವರೇ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ತಿದ್ದಿದ ಆ ಮಾತನ್ನೇ ಚಿಪ್ ತಯಾರಕರು ಗುರಿಯಾಗಿ ಇಟ್ಟುಕೊಂಡು ದಶಕಗಳ ಕಾಲ ದುಡಿದರು.