ಪ್ರಿಂಟ್‌ನಲ್ಲಿ ಬಿಳಿ ಗೆರೆ, ಫೋಟೋ ಎಲ್ಲ ಕೆಂಪು: ಹೊಸ ಕಾರ್ಟ್ರಿಜ್ ತರಬೇಕಾ?

ಎರಡು ತಿಂಗಳು ಮುಟ್ಟದ ಇಂಕ್‌ಜೆಟ್ ಪ್ರಿಂಟರ್, ಈಗ ಅಡ್ಡಡ್ಡ ಬಿಳಿ ಗೆರೆ, ಫೋಟೋಗಳೆಲ್ಲ ಕೆಂಪಗೆ, ಆರು ಸಲ ಹೆಡ್ ಕ್ಲೀನಿಂಗ್ (ಕಾಗದದ ಮೇಲೆ ಇಂಕ್ ಚಿಮ್ಮಿಸುವ ಭಾಗವಾದ ಹೆಡ್ ಅನ್ನು ಪ್ರಿಂಟರೇ ಶುಚಿ ಮಾಡುವುದು) ಹಾಕಿದರೂ ಹೋಗಲಿಲ್ಲ, ಹೊಸ ಕಾರ್ಟ್ರಿಜ್ ತರಲಾ ಅಂತ ಕೇಳಿದ್ದೀರಿ.

ಮೊದಲು ಆ ಕ್ಲೀನಿಂಗ್ ನಿಲ್ಲಿಸಿ. ಪ್ರತಿ ಸಲವೂ ಅದು ಹೆಡ್‌ನಿಂದ ಇಂಕ್ ಹೀರಿ ಪ್ರಿಂಟರ್ ಒಳಗಿನ ಪ್ಯಾಡ್‌ಗೆ ಸುರಿಯುತ್ತದೆ. ಚೆನ್ನಾಗಿರುವ ಬಣ್ಣಗಳೂ ಅದರಲ್ಲೇ ಹೋಗುತ್ತವೆ. ಪ್ಯಾಡ್ ತುಂಬಿತೆಂದು ಕೆಲವು ಪ್ರಿಂಟರ್‌ಗಳು ಕೆಲಸವನ್ನೇ ನಿಲ್ಲಿಸಿಬಿಡುತ್ತವೆ, ಅದು ಬೇರೆ ತಲೆನೋವು.

ಈಗ ನಾಝಲ್ (ಹೆಡ್‌ನಲ್ಲಿ ಇಂಕ್ ಹೊರಬರುವ ಸಣ್ಣ ತೂತು) ಚೆಕ್ ಪುಟ ತೆಗೆಯಿರಿ, ಮೇಂಟೆನೆನ್ಸ್ ಮೆನುವಿನಲ್ಲಿ ಇರುತ್ತದೆ. ಫೋಟೋ ನೋಡಿ ಊಹಿಸುವುದಕ್ಕಿಂತ ಈ ಒಂದು ಪುಟ ನೋಡುವುದು ಮೇಲು. ಕಪ್ಪು, ಸಯಾನ್ (ತಿಳಿನೀಲಿ), ಮೆಜೆಂಟಾ (ಗಾಢ ಗುಲಾಬಿ), ಹಳದಿ ನಾಲ್ಕೂ ಬೇರೆ ಬೇರೆಯಾಗಿ ಬರುತ್ತವೆ. ಯಾವುದರಲ್ಲಿ ಗೆರೆ ತುಂಡಾಗಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಹಳದಿ ಸರಿಯಾಗಿ ಕಾಣದಿದ್ದರೆ ಮೊಬೈಲ್ ಪರದೆ ತುಂಬ ನೀಲಿ ಬಣ್ಣ ಇಟ್ಟು, ಕೋಣೆಯ ದೀಪ ಆರಿಸಿ ಆ ಬೆಳಕಿನಲ್ಲಿ ನೋಡಿ, ಹಳದಿ ಗೆರೆ ಕಪ್ಪಾಗಿ ಎದ್ದು ಕಾಣುತ್ತದೆ. ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಸಯಾನ್ ಮೇಲೆ. ಅದು ಬಾರದಿದ್ದರೆ ಉಳಿಯುವುದು ಮೆಜೆಂಟಾ ಮತ್ತು ಹಳದಿ, ಎರಡೂ ಸೇರಿದರೆ ಕೆಂಪೇ ತಾನೆ.

ಆ ಪುಟ ಎತ್ತಿಟ್ಟುಕೊಂಡು ಒಂದೇ ಒಂದು ಸಲ ಕ್ಲೀನಿಂಗ್ ಹಾಕಿ, ಮತ್ತೆ ಚೆಕ್ ಪುಟ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಖಾಲಿ ಬಿಟ್ಟ ಜಾಗಗಳು ಅಲ್ಲೇ ಇದ್ದರೆ ಇಂಕ್ ಒಣಗಿ ನಾಝಲ್ ಕಟ್ಟಿಕೊಂಡಿದೆ. ಒಂದೊಂದು ಸಲ ಒಂದೊಂದು ಕಡೆ ಬಂದರೆ, ಅಥವಾ ಕ್ಲೀನಿಂಗ್ ಮಾಡಿದಷ್ಟೂ ಹೆಚ್ಚಾದರೆ, ಹೆಡ್‌ನಲ್ಲಿ ಗಾಳಿ ಸೇರಿರುವುದೇ ಹೆಚ್ಚು. ಎರಡಕ್ಕೂ ಮದ್ದು ಕಾಯುವುದು: ಕನಿಷ್ಠ 6 ಗಂಟೆ, ಸಾಧ್ಯವಾದರೆ 12 ಗಂಟೆ ಆಫ್ ಮಾಡಿ ಬಿಡಿ. ಒಣಗಿದ್ದು ನೆನೆಯುತ್ತದೆ, ಗುಳ್ಳೆ ಮೇಲೇರುತ್ತದೆ. ಆಮೇಲೆ ಪುಟ ತುಂಬ ಬರೀ ಸಯಾನ್ ಬಣ್ಣ ಪ್ರಿಂಟ್ ಮಾಡಿ. ಕ್ಲೀನಿಂಗ್ ಹಾಗೆ ಎಲ್ಲ ಬಣ್ಣ ವ್ಯರ್ಥವಾಗದೆ ಬೇಕಾದ ಇಂಕನ್ನಷ್ಟೇ ಎಳೆಯುತ್ತದೆ.

ಕಾರ್ಟ್ರಿಜ್ ತರಬೇಕೋ ಬೇಡವೋ ಅನ್ನುವುದು ಹೆಡ್ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಕಾರ್ಟ್ರಿಜ್ ತೆಗೆದು ನೋಡಿ. ಅಡಿಯಲ್ಲಿ ಸಣ್ಣ ಲೋಹದ ತಟ್ಟೆ, ಬೆನ್ನಲ್ಲಿ ಸಾಲುಸಾಲಾಗಿ ತಾಮ್ರದ ಚುಕ್ಕೆಗಳಿದ್ದರೆ (ಎಚ್‌ಪಿಯ ಹಲವು ಸಣ್ಣ ಪ್ರಿಂಟರ್‌ಗಳಲ್ಲಿ ಹೀಗೇ) ಹೆಡ್ ಕಾರ್ಟ್ರಿಜ್‌ನಲ್ಲೇ ಇದೆ. ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿದ, ನಾರು ಬಿಡದ ಬಟ್ಟೆಯ ಮೇಲೆ ಆ ತಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಉಜ್ಜಬೇಡಿ, ತಾಮ್ರದ ಭಾಗ ಒದ್ದೆ ಮಾಡಬೇಡಿ. ಸರಿಹೋಗದಿದ್ದರೆ ಹೊಸದು ತನ್ನಿ, ಜೊತೆಗೆ ಹೊಸ ಹೆಡ್ಡೂ ಬರುತ್ತದೆ. ಎಪ್ಸನ್‌ನಂತೆ ಹೆಡ್ ಪ್ರಿಂಟರ್‌ನಲ್ಲೇ ಇರುವ ಜಾತಿಯದಾದರೆ ಹೊಸ ಕಾರ್ಟ್ರಿಜ್ ಹಾಕಿದರೂ ಕಟ್ಟಿಕೊಂಡ ನಾಝಲ್ ಬಿಡುವುದಿಲ್ಲ. ಇಂಕ್ ನಿಜವಾಗಿ ಖಾಲಿಯಾಗಿದ್ದರೆ ಮಾತ್ರ ತನ್ನಿ.

ಚೆಕ್ ಪುಟ ಅಚ್ಚುಕಟ್ಟಾಗಿ ಬಂದು ಫೋಟೋ ಮಾತ್ರ ಕೆಟ್ಟರೆ ಹೆಡ್ ಬಿಟ್ಟುಬಿಡಿ, ಸೆಟ್ಟಿಂಗ್ ನೋಡಿ: ಕಾಗದದ ವಿಧ ತಪ್ಪಿದೆಯಾ, ಡ್ರಾಫ್ಟ್ ಮೋಡ್ ಇದೆಯಾ, ಫೋಟೋ ಕಾಗದ ತಿರುವುಮುರುವಾಗಿದೆಯಾ. ಉದ್ದ ಗೆರೆಗಳು ಎರಡೆರಡಾಗಿ ಕಂಡರೆ ಅಲೈನ್‌ಮೆಂಟ್ (ಹೆಡ್‌ನ ಹೊಂದಾಣಿಕೆ) ತಪ್ಪಿದೆ. ಜೆರಾಕ್ಸ್ ತೆಗೆದಾಗ ಮಾತ್ರ ಗೆರೆ ಬಿದ್ದರೆ ಸ್ಕ್ಯಾನರ್ ಗಾಜು ಒರೆಸಿ, ಅಷ್ಟೇ.

ಇನ್ನೊಂದು, ನೀವು ಗೋಡೆಯ ಸ್ವಿಚ್ ಆರಿಸಿ ಪ್ರಿಂಟರ್ ನಿಲ್ಲಿಸುತ್ತಿದ್ದರೆ ಇವತ್ತಿನಿಂದ ಬಿಡಿ. ಪ್ರಿಂಟರ್‌ನದೇ ಗುಂಡಿ ಒತ್ತಿದರೆ ಮಾತ್ರ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುವುದು ಖಾತರಿ. ಇಲ್ಲದಿದ್ದರೆ ಕ್ಯಾಪ್ ಹಾಕದ ಪೆನ್ನಿನ ಹಾಗೆ ಒಣಗುತ್ತದೆ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯುತ್ತಿದ್ದರೆ ಸಾಕು. ಇಷ್ಟೆಲ್ಲ ಮಾಡಿ ಎರಡು ರಾತ್ರಿ ಕಾದರೂ ಸಯಾನ್ ಬರಲೇ ಇಲ್ಲವೆಂದರೆ ಸರ್ವೀಸ್‌ನವರಿಗೆ ತೋರಿಸಿ, ಆದರೆ ಹೆಡ್ ಬದಲಿಸಲು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಕೆಲವೊಮ್ಮೆ ಹೊಸ ಪ್ರಿಂಟರ್ ಬೆಲೆಗೇ ಹತ್ತಿರ ಬಂದುಬಿಡುತ್ತದೆ.