ಅಪ್ಪ-ಅಮ್ಮ ಒಪ್ಪಿದರೂ 17ಕ್ಕೆ ಮದುವೆ ಮಾಡೋ ಹಾಗಿಲ್ಲ
ತಂಗಿಗೆ 17, ಹೆತ್ತವರೇ ಒಪ್ಪಿದ್ದಾರೆ, ಇನ್ನೇನು ಮಾಡೋದು ಅಂತ ಕೇಳಿದ್ದೀರಿ. ನಿಮ್ಮನ್ನು ತಡೆದಿರೋದು ಆ ಒಪ್ಪಿಗೆಯೇ ಇರಬೇಕು. ಆದರೆ ಅದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಕರ್ನಾಟಕದಲ್ಲಂತೂ ಬಾಲ್ಯವಿವಾಹ ನಡೆದ ಗಳಿಗೆಯಿಂದಲೇ ಅಸಿಂಧು, ಅಂದರೆ ಕಾನೂನಿನ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ.

ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಊರು, ತಾರೀಖು, ಛತ್ರ ಹೇಳಿ. ನಿಮ್ಮ ಹೆಸರು ಗುಟ್ಟಾಗಿಡೋಕೂ ಹೇಳಿ. ಪಕ್ಕದ ಮನೆ ಹುಡುಗಿಗಾಗಿ ನಾನು ಫೋನ್ ಮಾಡಿದಾಗ ಮೊದಲು ಕೇಳಿದ್ದು ವಯಸ್ಸಿನ ದಾಖಲೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಲಗ್ನಪತ್ರಿಕೆ ಎರಡರ ಫೋಟೋನೂ ಇವತ್ತೇ ತೆಗೆದಿಟ್ಟುಕೊಳ್ಳಿ.

ಆಮೇಲೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಮ್ಯಾಜಿಸ್ಟ್ರೇಟ್ ತಡೆಯಾಜ್ಞೆ ಕೊಡಬಹುದು, ಎಷ್ಟು ದಿನ ಹಿಡಿಯುತ್ತೋ ಖಚಿತವಾಗಿ ಹೇಳಲಾರೆ. ಮದುವೆ ನಾಳೆ-ನಾಡಿದ್ದು ಅಂದರೆ ಕಾಯಬೇಡಿ, ಪೊಲೀಸ್ ತುರ್ತು ಸಂಖ್ಯೆ 112ಕ್ಕೂ ಹೇಳಿ.