ಜಗಲಿಯಲ್ಲಿ ಸೇದಿದ ಬೀಡಿಯ ಹೊಗೆ ಒಳಗಿನ ಮಗುವಿಗೆ ತಾಗುತ್ತದೆಯೇ?

ಮಾವನವರು ಮನೆಯೊಳಗೆ ಸೇದುವುದಿಲ್ಲ, ಜಗಲಿಯಲ್ಲೇ ಬೀಡಿ ಹಚ್ಚುತ್ತಾರೆ. ಆದರೂ ನಾಲ್ಕು ವರ್ಷದ ಮಗಳ ಉಬ್ಬಸಕ್ಕೆ ಅದೇ ಕಾರಣವಿರಬಹುದೇ ಎಂದು ಕೇಳಿದ್ದೀರಿ. ಖಂಡಿತ ಇರಬಹುದು. ನಾನು ವೈದ್ಯೆಯಲ್ಲ, ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಉಬ್ಬಸದ ಮಗನನ್ನು ಬೆಳೆಸಿದ ತಾಯಿ.

ನಮ್ಮ ಮಾವನವರೂ ಜಗಲಿಯಲ್ಲೇ ಸೇದುತ್ತಿದ್ದರು. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ, ಅಂಗಳಕ್ಕೆ ಇಳಿಯುವಂತಿಲ್ಲ. ಬಾಗಿಲು ತೆರೆದೇ ಇರುತ್ತದೆ, ಗಾಳಿ ಹೊಗೆಯನ್ನು ನಡುಮನೆಗೆ ತಳ್ಳುತ್ತದೆ. ನಾನು ತಡವಾಗಿ ಗಮನಿಸಿದ್ದು ಅವರ ಕಂಬಳಿಯನ್ನು. ಮಗ ದಿನವೂ ಅದರೊಳಗೆ ಮುಖ ಹುದುಗಿಸಿ ಅಜ್ಜನ ಪಕ್ಕ ಮಲಗುತ್ತಿದ್ದ. ಒಂದು ಬೆಳಿಗ್ಗೆ ಮಡಿಸಲು ಎತ್ತಿಕೊಂಡರೆ ಬೀಡಿಯ ಕಮಟು ಗಂಟಲಿಗೇ ಇಳಿಯಿತು. ಬೀಡಿ ಆರಿದರೂ ಅದರ ವಿಷ ಬಟ್ಟೆ, ಹಾಸಿಗೆ, ಗೋಡೆಗೆ ಅಂಟಿಕೊಂಡಿರುತ್ತದೆ.

ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಮಕ್ಕಳ ಉಸಿರುನಾಳ ಕಿರಿದು, ಉಸಿರಾಟ ನಮಗಿಂತ ವೇಗ. ಹೊಗೆ ತಾಗಿದರೆ ನಾಳದ ಒಳಪದರ ಊದುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ.

ಹಾಗೆಂದು ಎಲ್ಲವನ್ನೂ ಹಿರಿಯರ ತಲೆಗೆ ಕಟ್ಟಬೇಡಿ. ಬಚ್ಚಲೊಲೆಯ ಸೌದೆ ಹೊಗೆ, ಗೋಡೆಯ ಬೂಷ್ಟು, ನೆಗಡಿ ಕೂಡ ಉಬ್ಬಸವನ್ನು ಕೆರಳಿಸುತ್ತವೆ. ನಾನು ಮಾವನವರೊಂದಿಗೆ ವಾದಕ್ಕಿಳಿಯಲಿಲ್ಲ. ಒಂದು ರಾತ್ರಿ ಮಗನಿಗೆ ಉಬ್ಬಸ ಜೋರಾದಾಗ ಇನ್ಹೇಲರ್‌ಗೆ ಜೋಡಿಸಿ ಔಷಧಿ ಉಸಿರಿಗೆಳೆದುಕೊಳ್ಳುವ ಕೊಳವೆಯಾದ ಸ್ಪೇಸರ್ ಅನ್ನು ಅವರ ಕೈಗೇ ಕೊಟ್ಟು ಹಿಡಿದುಕೊಳ್ಳಲು ಹೇಳಿದೆ. ಮಗುವಿನ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುವುದನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ನನ್ನಿಂದಲೇ ಹೀಗಾಯಿತೇನಮ್ಮಾ?" ಎಂದು ಕೇಳಿದರು. ಹೌದು ಎನ್ನಲು ಬಾಯಿ ಬರಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ.

ಮರುದಿನದಿಂದ ಅವರು ಕಾಫಿ ಕಣದಾಚೆ ಹೋಗಿ ಸೇದಿ, ಕೈ ಮುಖ ತೊಳೆದು, ಅಂಗಿ ಬದಲಿಸಿ ಒಳಗೆ ಬರತೊಡಗಿದರು. ಅದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಿಟ್ಟುಬಿಡುವುದೇ ಸರಿಯಾದ ದಾರಿ. 1800-11-2356 ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತನಾಡುತ್ತಾರೆ. ಮಾವನವರು ಎರಡು ಸಲ ಬಿಟ್ಟು ಮತ್ತೆ ಹಿಡಿದು, ಮೂರನೆಯ ಸಲ ಗೆದ್ದರು. ಮಗನಿಗೆ ಉಬ್ಬಸ ಈಗಲೂ ಬರುತ್ತದೆ, ಆದರೆ ಮೊದಲಿನಂತೆ ವಾರವಾರವೂ ಅಲ್ಲ.

ಇನ್ಹೇಲರ್ ಚಟವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ದಿನವೂ ಕೊಡಲು ಬರೆದುಕೊಟ್ಟದ್ದನ್ನು ಮಗು ಚೆನ್ನಾಗಿದ್ದಾಗಲೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಪಕ್ಕೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ತೋಟದ ಮನೆಯಾದರೆ, ರಾತ್ರಿ ಕರೆದರೆ ಯಾರ ಜೀಪು ಬರುತ್ತದೆ ಎಂದು ಇಂದೇ ಮಾತನಾಡಿಟ್ಟುಕೊಳ್ಳಿ.